ತೋಪಿನೊಳಗಿನ ಕಾಂಕ್ರೀಟ್ ನೆಲಗಟ್ಟುಗಳು: ವಾಯುಪಡೆಯ ವಸತಿ ಶಿಬಿರವೇ?

ಇಂಗ್ಲೆಂಡಿನ ಲಿಂಕನ್‌ಶೈರ್ ಕೌಂಟಿಯ ಹಳೆಯ ವಿಮಾನ ನೆಲೆಯಿಂದ ಒಂದು ಮೈಲಿ ದೂರದ ತೋಪಿನಲ್ಲಿ ಕಾಂಕ್ರೀಟ್ ನೆಲಗಟ್ಟುಗಳನ್ನೂ ಇಟ್ಟಿಗೆ ಗೋಡೆಗಳನ್ನೂ ಕಂಡು, ಅವು ಏನು, ನೆಲೆಯಿಂದ ಇಷ್ಟು ದೂರದಲ್ಲೇಕೆ ಇವೆ ಎಂದು ನೀವು ಕೇಳಿದ್ದೀರಿ. ಅವು ಬಹುಮಟ್ಟಿಗೆ ಎರಡನೆಯ ಮಹಾಯುದ್ಧದ ಕಾಲದ ಬ್ರಿಟನ್ನಿನ ವಾಯುಪಡೆಯಾದ ರಾಯಲ್ ಏರ್ ಫೋರ್ಸ್‌ನ (ಆರ್‌ಎಎಫ್) ವಸತಿ ಶಿಬಿರದವು. ನೆಲೆಯ ಮೇಲೆ ಬಾಂಬು ಬಿದ್ದರೂ ಸಿಬ್ಬಂದಿ ಉಳಿಯಲೆಂದು ಮಲಗುವ ಗುಡಿಸಲುಗಳನ್ನು ಸುತ್ತಲ ಹೊಲ, ತೋಪುಗಳಿಗೆ ಚದುರಿಸಿ ಕಟ್ಟುತ್ತಿದ್ದರು. ‘ಇಷ್ಟು ದೂರದಲ್ಲೇಕೆ’ ಎಂಬ ನಿಮ್ಮ ಪ್ರಶ್ನೆಗೆ ಇದೇ ಉತ್ತರ.

ಜಮೀನಿನ ಮಾಲೀಕರ ಅನುಮತಿ ಪಡೆದು ಮೊದಲು ನೆಲಗಟ್ಟಿನ ಅಗಲ ಅಳೆಯಿರಿ. 16, 24 ಅಥವಾ 30 ಅಡಿಯ ಆಸುಪಾಸು ಬಂದರೆ ಅಲ್ಲಿ ಕಮಾನಿನಾಕಾರದ ತಗಡಿನ ನಿಸೆನ್ ಗುಡಿಸಲು ನಿಂತಿತ್ತೆಂದು ಊಹಿಸಬಹುದು. ಬಳಿಕ ಗೋಡೆ ನೋಡಿ: ಒಂದೇ ಇಟ್ಟಿಗೆಯ ಅಗಲ, ಅಂದರೆ ಸುಮಾರು ನಾಲ್ಕೂವರೆ ಅಂಗುಲ ದಪ್ಪ, ನಡುನಡುವೆ ಆಸರೆಯ ಇಟ್ಟಿಗೆ ಕಂಬ, ಮೇಲೆ ಸಿಮೆಂಟ್ ಗಿಲಾವು ಇದ್ದರೆ ಅದು ಯುದ್ಧಕಾಲದ ತಾತ್ಕಾಲಿಕ ಕಟ್ಟಡವೇ. ಪಾಚಿಯ ಕೆಳಗೆ ಸಾಲಾಗಿ ಕೊಳವೆಯ ಬಾಯಿಗಳು ಕಂಡರೆ ಅದು ಸ್ನಾನ ಅಥವಾ ಶೌಚದ ಕಟ್ಟಡವಾಗಿರಬಹುದು. ಮುರಿದ ಛಾವಣಿಯ ಹಾಳೆಗಳನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ. ಅವುಗಳಲ್ಲಿ ಉಸಿರಿಗೆ ಹಾನಿಕರವಾದ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಹೆಚ್ಚು.

ಯುದ್ಧಕೈದಿಗಳ ಶಿಬಿರಗಳಲ್ಲಿಯೂ ಇಂಥವೇ ಗುಡಿಸಲುಗಳಿದ್ದುದರಿಂದ ಆಕಾರವೊಂದನ್ನೇ ನಂಬಲಾಗದು. ಆದ್ದರಿಂದ ಲಂಡನ್ನಿನ ಆರ್‌ಎಎಫ್ ಮ್ಯೂಸಿಯಂಗೆ ನೆಲೆಯ ಹೆಸರು ತಿಳಿಸಿ, ಅದರ ಯುದ್ಧಕಾಲದ ನಿವೇಶನ ನಕ್ಷೆಯನ್ನು ಕೇಳಿ. ಅಂಥ ನಕ್ಷೆಗಳಲ್ಲಿ ಪ್ರತಿ ಕಟ್ಟಡಕ್ಕೂ ಸಂಖ್ಯೆಯಿದ್ದು, ಅದರ ಉಪಯೋಗವನ್ನು ಪಟ್ಟಿಮಾಡಿರುತ್ತಾರೆ. ಕಣ್ಣಾರೆ ಹೋಲಿಸಿ ನೋಡಲು ಅದೇ ಕೌಂಟಿಯ ಥಾರ್ಪ್ ಕ್ಯಾಂಪ್‌ಗೆ ಹೋಗಿಬನ್ನಿ. ವುಡ್‌ಹಾಲ್ ಸ್ಪಾ ನೆಲೆಯ ಅಂಥದೇ ಶಿಬಿರದ ಒಂದು ಭಾಗವನ್ನು ಅಲ್ಲಿ ಪ್ರೀತಿಯಿಂದ ಉಳಿಸಿಕೊಂಡಿದ್ದಾರೆ.