ಹರಿದ ಲಿಗಮೆಂಟ್ ಲ್ಯಾಬಿನಲ್ಲಿ ಬೆಳೆಯುತ್ತದೆಯೇ?

ಪ್ರಶ್ನೆ: ಆಡುವಾಗ ನನ್ನ ಮಂಡಿಯ ಎಸಿಎಲ್ (ಮಂಡಿಯೊಳಗೆ ಮೂಳೆಗೆ ಮೂಳೆ ಕಟ್ಟುವ ಲಿಗಮೆಂಟ್) ಹರಿದಿದೆ. ಸ್ಟೆಮ್ ಸೆಲ್‌ನಿಂದ (ಬೇರೆ ಬೇರೆ ಬಗೆಯ ಕೋಶವಾಗಬಲ್ಲ ಮೂಲ ಜೀವಕೋಶ) ಹೊಸದನ್ನು ಬೆಳೆಸಬಹುದಂತೆ, ನಿಜವೇ?

ಉತ್ತರ: ಲ್ಯಾಬಿನ ಮಟ್ಟಿಗೆ ನಿಜ. ನಾನೂ ಎರಡು ವರ್ಷ ಇದೇ ಕೆಲಸ ಮಾಡಿದ್ದೆ. ಮೊದಲು ರೇಷ್ಮೆ ಎಳೆಯನ್ನು ಕುದಿಸಿ ಅಂಟು ತೆಗೆಯಬೇಕು, ಇಲ್ಲದಿದ್ದರೆ ದೇಹ ಕೆರಳುತ್ತದೆ. ಅದನ್ನು ಹಗ್ಗದಂತೆ ಹೊಸೆದರೆ ಸ್ಕ್ಯಾಫೋಲ್ಡ್, ಅಂದರೆ ಸೆಲ್‌ಗಳು ಬೆಳೆಯಲು ಆಸರೆಯ ಚೌಕಟ್ಟು, ಸಿದ್ಧ. ಅದರ ಮೇಲೆ ಮೂಳೆಮಜ್ಜೆಯ ಸ್ಟೆಮ್ ಸೆಲ್ ಬಿತ್ತುತ್ತಿದ್ದೆವು. ಸುಮ್ನೆ ಬಿಟ್ಟರೆ ಅವು ದಿಕ್ಕಿಲ್ಲದೆ ಹರಡುತ್ತವೆ. ಯಂತ್ರದಲ್ಲಿ ಮೆಲ್ಲಗೆ ಎಳೆಯುತ್ತಿದ್ದರೆ ಸಾಲಾಗಿ ನಿಂತು ಕೊಲಾಜನ್ (ಲಿಗಮೆಂಟಿಗೆ ಬಲ ಕೊಡುವ ಪ್ರೋಟೀನ್ ಎಳೆ) ನೇಯುತ್ತವೆ. ಸೆಲ್‌ಗಳಿಗೂ ವ್ಯಾಯಾಮ ಬೇಕು, ಅಲ್ವಾ!

ನಮ್ಮನ್ನು ಜಾಸ್ತಿ ಕಾಡಿದ್ದು ತುದಿಗಳು. ಮೆತ್ತನೆಯ ಲಿಗಮೆಂಟ್ ಗಟ್ಟಿ ಮೂಳೆಗೆ ಸೇರುವ ಜಾಗವನ್ನು ನಕಲು ಮಾಡುವುದು ಬಹಳ ಕಷ್ಟ.

ಸದ್ಯಕ್ಕೆ ನಿಮ್ಮದೇ ತೊಡೆಯ ಅಥವಾ ಮಂಡಿಯ ಸ್ನಾಯುರಜ್ಜು ತೆಗೆದು ಕಸಿ ಮಾಡುವುದೇ ರೂಢಿ. 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ, ಹರಿದ ತುದಿಗಳ ನಡುವೆ ಇಡುವ ಕೊಲಾಜನ್ ಸ್ಪಂಜೂ ಇದೆ. ಆದರೆ ಅದಕ್ಕೆ ತುಂಬುವುದು ರೋಗಿಯ ರಕ್ತ, ಬೆಳೆಸಿದ ಸ್ಟೆಮ್ ಸೆಲ್ ಅಲ್ಲ.