ಮಗು ಮಲಗಿದ ಮೇಲೆ ಎಂ.ಎಸ್. ಓದಬಹುದಾ?

ಪ್ರಶ್ನೆ: ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ವಾರಕ್ಕೆ ಮೂರು ದಿನ ಆಫೀಸು, ಎರಡು ದಿನ ಮನೆಯಿಂದ. ಎರಡು ವರ್ಷದ ಮಗಳಿದ್ದಾಳೆ. ಕೆಲಸ ಬಿಡದೆ ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಸೈನ್ಸ್ ಆನ್‌ಲೈನ್ ಎಂ.ಎಸ್. ಮಾಡುವಾಸೆ. ಆನ್‌ಲೈನ್ ಡಿಗ್ರಿಗೆ ಬೆಲೆ ಇದೆಯಾ ಅಂತ ಮನೆಯಲ್ಲಿ ಕೇಳುತ್ತಾರೆ. ಏನು ಮಾಡಲಿ?
- ಒಬ್ಬ ಓದುಗಿ, ವಿಜಯನಗರ

ಉತ್ತರ: ಖಂಡಿತ ಮಾಡಿ. ಆದರೆ ನಿಧಾನವಾಗಿ ಮಾಡಿ. ಈ ಆನ್‌ಲೈನ್ ಎಂ.ಎಸ್. 2014ರಿಂದ ನಡೆಯುತ್ತಿದೆ, ಪದವಿ ಪತ್ರದಲ್ಲಿ 'ಆನ್‌ಲೈನ್' ಅನ್ನುವ ಮಾತೇ ಇರುವುದಿಲ್ಲ, ಅಲ್ಲೇ ಹೋಗಿ ಓದಿದವರಿಗೆ ಸಿಗುವ ಎಂ.ಎಸ್. ನಿಮಗೂ ಸಿಗುತ್ತದೆ. ಶುಲ್ಕ ಒಟ್ಟು 10,000 ಡಾಲರಿನೊಳಗೆ ಮುಗಿಯುತ್ತದೆ, ಅದೂ ಒಂದೇ ಸಲ ಅಲ್ಲ, ಆಯಾ ಟರ್ಮಿಗೆ ತೆಗೆದುಕೊಂಡಷ್ಟಕ್ಕೆ.

ಕಷ್ಟ ಇರುವುದು ಹೊತ್ತು ಹೊಂದಿಸುವುದರಲ್ಲಿ. ಒಟ್ಟು 10 ಕೋರ್ಸು, 6 ವರ್ಷದ ಗಡುವು. ವರ್ಷಕ್ಕೆ ಮೂರು ಟರ್ಮು, ಟರ್ಮಿಗೆ ಒಂದೇ ಕೋರ್ಸ್ ತಗೊಂಡರೂ ಮೂರೂವರೆ ವರ್ಷಕ್ಕೆ ಮುಗಿಯುತ್ತದೆ. ಎರಡೆರಡು ತಗೊಳ್ಳೋ ಆಸೆ ಬೇಡ. ಗಟ್ಟಿ ಕೋರ್ಸಾದರೆ ವಾರಕ್ಕೆ 15-20 ಗಂಟೆ ಬೇಕು, ಮಗು ಮಲಗಿದ ಮೇಲಿನ ಎರಡು ಗಂಟೆ ಸಾಲದು, ಹಾಗಾಗಿ ಶನಿವಾರ ಬೆಳಿಗ್ಗೆ ಮಗಳನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಅರ್ಜಿ ಹಾಕುವ ಮೊದಲೇ ಮನೆಯಲ್ಲಿ ಕೂತು ಮಾತಾಡಿ. ಇನ್ನೊಂದು: ಮೊದಲ 12 ತಿಂಗಳೊಳಗೆ ಎರಡು ಫೌಂಡೇಶನ್ ಕೋರ್ಸುಗಳಲ್ಲಿ ಕನಿಷ್ಠ 'ಬಿ' ಬರಲೇಬೇಕು. ಹಾಗಾಗಿ ಮೊದಲ ಟರ್ಮಿಗೆ ಅಂಥದ್ದೊಂದನ್ನೇ ಆರಿಸಿ.

ಪರೀಕ್ಷೆಗಳು ಮನೆಯಲ್ಲೇ, ಕ್ಯಾಮೆರಾ ಮುಂದೆ. ಲ್ಯಾಪ್‌ಟಾಪ್ ಎತ್ತಿ ರೂಮನ್ನು, ಮೇಜಿನ ಮೇಲನ್ನು ತೋರಿಸಬೇಕಾಗುತ್ತದೆ. ಪಾಪು ಬಾಗಿಲು ತಟ್ಟಿದರೂ ಏಳುವ ಹಾಗಿಲ್ಲ, ಕರೆಂಟ್ ಹೋದರೆ ಯುಪಿಎಸ್ ಕೈ ಹಿಡಿಯಬೇಕು. ಒಂದು ಅನುಕೂಲವೂ ಇದೆ. ಹಲವು ಕೋರ್ಸುಗಳ ಭಾನುವಾರದ ಗಡುವು ಭೂಮಿಯಲ್ಲಿ ಎಲ್ಲಕ್ಕಿಂತ ಕೊನೆಗೆ ಭಾನುವಾರ ಮುಗಿಯುವ ಜಾಗದ ಗಡಿಯಾರದ ಲೆಕ್ಕದ್ದು, ನಮಗದು ಸೋಮವಾರ ಸಂಜೆ ಐದೂವರೆ. ಸೋಮವಾರ ಮನೆಯಿಂದ ಕೆಲಸ ಮಾಡುವ ಹಾಗೆ ಕೇಳಿ ನೋಡಿ.

ಮುಂದೆ ಇಲ್ಲೇ ಲೆಕ್ಚರರ್ ಆಗುವ, ಪಿಎಚ್.ಡಿ. ಮಾಡುವ ಯೋಚನೆ ಇದ್ದರೆ ಮಾತ್ರ ಇದು ಬೇಡ. ಹೊರದೇಶದ ಆನ್‌ಲೈನ್ ಪದವಿಗೆ ಸಮಾನತೆ ಪತ್ರ (ಇಲ್ಲಿನ ಪದವಿಗೆ ಅದು ಸಮ ಅನ್ನುವ ಪತ್ರ) ಸಿಗುವುದು ಕಷ್ಟ. ಆಗ ಕೆಲಸದಲ್ಲಿರುವವರಿಗೆ ಅಂತಲೇ ಇರುವ ಬಿಟ್ಸ್ ಪಿಲಾನಿಯ ಎಂ.ಟೆಕ್. ವಿಚಾರಿಸಿ: ನಾಲ್ಕು ಸೆಮಿಸ್ಟರ್, ಪಾಠ ಹೆಚ್ಚಾಗಿ ವಾರದ ಕೊನೆಯಲ್ಲಿ ನೇರ ಆನ್‌ಲೈನ್‌ನಲ್ಲಿ. ಮೇಷ್ಟರ ಮುಖ ನೋಡಿ ಕಲಿಯುವ ಅಭ್ಯಾಸ ಇರುವವರಿಗೂ ಅದೇ ವಾಸಿ.