ಕೊನೆಯ ಕಿಲೋಮೀಟರಿನಲ್ಲಿ ನಮ್ಮ ಸಾಲು ಒಡೆಯುವುದೇಕೆ?

ಪ್ರಶ್ನೆ: ನಾವು ಸಿರುಗುಪ್ಪದ ನಾಲ್ವರು ಗೆಳೆಯರು. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಎಲ್ಲೇ ಸೈಕಲ್ ರೇಸ್ ಇದ್ದರೂ ಒಟ್ಟಿಗೆ ಹೋಗುತ್ತೇವೆ. ನಮ್ಮಲ್ಲೊಬ್ಬನ ಸ್ಪ್ರಿಂಟ್, ಅಂದರೆ ಕೊನೆಯ ಜೋರು ಓಟ, ಚೆನ್ನಾಗಿದೆ. ಅವನಿಗೆ ಲೀಡ್‌ಔಟ್ ಕೊಡಬೇಕು, ಅಂದರೆ ಮಿಕ್ಕ ಮೂವರು ಅವನ ಮುಂದೆ ಸಾಲಾಗಿ ಓಡಿಸಿ, ಒಬ್ಬರಾದ ಮೇಲೊಬ್ಬರು ಗಾಳಿ ತಡೆದು ಅವನನ್ನು ಗೆರೆಯ ಹತ್ತಿರಕ್ಕೆ ಎಳೆದೊಯ್ಯಬೇಕೆಂದು ಮಾತಾಡಿಕೊಂಡೇ ಹೊರಡುತ್ತೇವೆ. ಆದರೆ ಕೊನೆಯ ಒಂದು ಕಿ.ಮೀ. ಬಂತೆಂದರೆ ನಾಲ್ವರೂ ದಿಕ್ಕಿಗೊಬ್ಬರು. ತಪ್ಪು ಎಲ್ಲಾಗುತ್ತಿದೆ?

ಉತ್ತರ: ಹವ್ಯಾಸಿ ತಂಡಗಳಲ್ಲಿ ಸಾಲು ಒಡೆಯುವುದು ಸಾಮಾನ್ಯವಾಗಿ ಮೊದಲನೆಯವನಿಂದ. ತನ್ನ ಸರದಿ ಬಂದ ಕೂಡಲೇ ಹುರುಪಿನಲ್ಲಿ ಎದ್ದು ನಿಂತು ಜೋರಾಗಿ ತುಳಿದುಬಿಡುತ್ತಾನೆ. ಹಿಂದಿನವನಿಗೂ ಅವನಿಗೂ ನಡುವೆ ಎರಡು ಸೈಕಲ್ ಹಿಡಿಸುವಷ್ಟು ಸಂದಿ ಬೀಳುತ್ತದೆ, ಅಲ್ಲಿಗೆ ಬೇರೆಯವನೊಬ್ಬ ನುಗ್ಗುತ್ತಾನೆ. ನಿಮ್ಮ ಲೀಡ್‌ಔಟ್ ಅಲ್ಲಿಗೇ ಮುಗಿಯಿತು.

ಗಂಟೆಗೆ 40 ಕಿ.ಮೀ. ವೇಗದಿಂದ 50ಕ್ಕೆ ಏರಿದರೆ ಗಾಳಿ ಸೀಳಲು ಬೇಕಾದ ಶಕ್ತಿ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಮುಂದಿನ ಗಾಲಿಗೆ ಅರ್ಧ ಮೀಟರ್ ಹತ್ತಿರ ಅಂಟಿಕೊಂಡವನಿಗೆ ಆ ಶ್ರಮದಲ್ಲಿ ಸುಮಾರು ಮೂರನೇ ಒಂದು ಭಾಗ ಉಳಿಯುತ್ತದೆ. ಆ ಉಳಿತಾಯವನ್ನು ನಿಮ್ಮ ಸ್ಪ್ರಿಂಟರ್ ಕೊನೆಯ 200 ಮೀಟರಿನವರೆಗೂ ಕಾಪಾಡಿಕೊಳ್ಳಬೇಕು. ಹಾಗಾಗಿ ಮೊದಲನೆಯವನು ಸೀಟಿನ ಮೇಲೆ ಕೂತೇ, ಒಂದೊಂದೇ ಗೇರ್ ಬದಲಿಸುತ್ತ ವೇಗ ಏರಿಸಲಿ.

ಲೆಕ್ಕವನ್ನು ಮುಕ್ತಾಯದ ಗೆರೆಯಿಂದ ಹಿಂದಕ್ಕೆ ಹಾಕಿ. ನಾಲ್ವರಿದ್ದರೆ 1,200 ಮೀಟರಿಗಿಂತ ಮುಂಚೆ ಮುಂದಕ್ಕೆ ಬರಲೇಬೇಡಿ. ಅಲ್ಲಿಯವರೆಗೆ ಗುಂಪಿನ ಆರೇಳನೇ ಸ್ಥಾನದ ಆಸುಪಾಸಿನಲ್ಲಿ ಗಾಳಿ ಮರೆಯಲ್ಲಿರಿ. ಮೊದಲನೆಯವನಿಗೆ 400 ಮೀಟರ್, 48ರ ವೇಗದಲ್ಲಿ ಅರ್ಧ ನಿಮಿಷದ ಕೆಲಸ. ಎರಡನೆಯವನು 450 ಮೀಟರ್ ಉಳಿಯುವವರೆಗೆ. ಮೂರನೆಯವನ ಪಾಲಿಗೆ ಬರುವುದು ಸುಮಾರು 17 ಸೆಕೆಂಡು ಮಾತ್ರ, ಆದರೆ ಆಗ ಪಕ್ಕದಿಂದ ಯಾರೂ ಏರಿ ಬರಲಾಗದಷ್ಟು ವೇಗವಿರಬೇಕು. ನಿಮ್ಮಲ್ಲಿ ಎರಡನೇ ಅತಿ ವೇಗದವನನ್ನು ಇಲ್ಲಿಗೇ ಹಾಕಿ. 2009ರ ಟೂರ್ ಡಿ ಫ್ರಾನ್ಸ್‌ನ ಕೊನೆಯ ದಿನ ಪ್ಯಾರಿಸ್‌ನಲ್ಲಿ ಸ್ಪ್ರಿಂಟರ್ ಮಾರ್ಕ್ ಕ್ಯಾವೆಂಡಿಶ್‌ಗೆ ಲೀಡ್‌ಔಟ್ ಕೊಟ್ಟ ಮಾರ್ಕ್ ರೆನ್‌ಶಾ ಎಷ್ಟು ಜೋರಾಗಿ ಎಳೆದನೆಂದರೆ, ತನ್ನ ಕೆಲಸ ಮುಗಿಸಿಯೂ, ಗೆದ್ದ ಕ್ಯಾವೆಂಡಿಶ್‌ನ ಹಿಂದೆ ಎರಡನೆಯವನಾಗಿ ಗೆರೆ ದಾಟಿದ!

ಎದುರುಗಾಳಿ ಇದ್ದರೆ ಸ್ಪ್ರಿಂಟರ್ 150 ಮೀಟರಿನವರೆಗೂ ಕಾಯಲಿ. ಬೆನ್ನಗಾಳಿ ಇದ್ದರೆ 250ಕ್ಕೇ ಹೊರಡಬಹುದು. ನಮ್ಮ ಕಡೆ ಹೆಚ್ಚು ಕಾಡುವುದು ಅಡ್ಡಗಾಳಿ. ಮುಂಗಾರಿನಲ್ಲಿ ಬಳ್ಳಾರಿಯಿಂದ ನಿಮ್ಮೂರಿನ ಕಡೆ ಉತ್ತರಕ್ಕೆ ಹೊರಟರೆ ಪಡುವಣ ಗಾಳಿ ಎಡಗಡೆಯಿಂದ ಬಡಿಯುತ್ತದೆ, ತಡೆಯಲು ಗಿಡಮರವೂ ಕಡಿಮೆ. ಆಗ ಮರೆ ಸಿಗುವುದು ಮುಂದಿನವನ ಹಿಂದೆ, ತುಸು ಬಲಕ್ಕೆ. ಮೂರನೆಯವನು ಓಟದ ದಾರಿಯ ಬಲ ಅಂಚಿನತ್ತ ಸರಿದು, ಒಂದೇ ಒಂದು ಸೈಕಲ್ಲಿಗೆ ಜಾಗ ಬಿಟ್ಟು ಓಡಿಸಬೇಕು. ಆ ಜಾಗ ನಿಮ್ಮ ಸ್ಪ್ರಿಂಟರ್‌ನದು. ಮಿಕ್ಕವರು ಮೀರಬೇಕೆಂದರೆ ಎಡಗಡೆಯ ಬಯಲು ಗಾಳಿಗೇ ಬರಬೇಕಾಗುತ್ತದೆ. ಈ ಸರಿದಾಟವೆಲ್ಲ 450 ಮೀಟರಿನ ಹತ್ತಿರವೇ ಮುಗಿಯಲಿ. ಸ್ಪ್ರಿಂಟ್ ಶುರುವಾದ ಮೇಲೆ ಹಿಡಿದ ಗೆರೆ ಬಿಟ್ಟು ಇನ್ನೊಬ್ಬನಿಗೆ ಅಡ್ಡ ಹೋಗುವುದು ನಿಯಮಕ್ಕೂ ವಿರುದ್ಧ, ಜೀವಕ್ಕೂ ಅಪಾಯ.

ಇನ್ನೊಂದು ಮಾತು, ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ: ವಾಹನ ಸಂಚಾರ ನಿಲ್ಲಿಸದ ರಸ್ತೆಯಲ್ಲಿ ಗುಂಪು ಸ್ಪ್ರಿಂಟ್ ಮಾಡಲೇಬೇಡಿ. ಲಾರಿ ಓಡಾಡುವ ದಾರಿಯಲ್ಲಿ ಗೆಲ್ಲುವಂಥದ್ದೇನೂ ಇಲ್ಲ. ರೇಸಿನ ದಿನ ಬೆಳಿಗ್ಗೆ ಕೊನೆಯ ಕಿಲೋಮೀಟರನ್ನು ನಾಲ್ವರೂ ಒಮ್ಮೆ ನಿಧಾನವಾಗಿ ಓಡಿಸಿ ನೋಡಿ. ಹಂಪು ಎಲ್ಲಿದೆ, ಡಾಂಬರಿನ ಅಂಚು ಎಲ್ಲಿ ಕಿತ್ತಿದೆ ಎಂದು ಗುರುತು ಮಾಡಿಕೊಳ್ಳಿ. ಸುಗ್ಗಿಯಲ್ಲಿ ರಸ್ತೆ ಬದಿಗೆ ಭತ್ತ ಒಣಹಾಕಿರುತ್ತಾರೆ. ಚದುರಿದ ಕಾಳಿನ ಮೇಲೆ ಸಣ್ಣ ಟೈರು ಜಾರದೆ ಇರದು.

ಎಳೆದು ಮುಗಿಸಿದವನು ಒಮ್ಮೆಲೇ ಪೆಡಲ್ ನಿಲ್ಲಿಸಬಾರದು, ಬ್ರೇಕ್ ಮುಟ್ಟಬಾರದು. ಯಾವ ಬದಿಗೆ ಸರಿಯಬೇಕೆಂದು ಮೊದಲೇ ಮಾತಾಗಿರಲಿ. ಸಾಲಿನಲ್ಲಿ ಬಾಯಿ ಬಿಡುವ ಹಕ್ಕು ಸ್ಪ್ರಿಂಟರ್‌ಗೆ: ಸಂದಿ ಬಿದ್ದರೆ "ನಿಧಾನ", ಮುಂದಿನವನ ಗಾಲಿ ಮತ್ತೆ ಸಿಕ್ಕ ಮೇಲೆ "ಹೊಡಿ". ಈ ಎರಡೇ ಮಾತು ಸಾಕು.

ಬಹುಮಾನದ ಹಣ ನಾಲ್ಕು ಪಾಲು ಎಂದು ಹೊರಡುವ ಮುಂಚೆಯೇ ತೀರ್ಮಾನಿಸಿಕೊಳ್ಳಿ. ಇದು ಇತ್ಯರ್ಥವಾಗದ ತಂಡದಲ್ಲಿ 300 ಮೀಟರ್ ಉಳಿದಾಗ ಮೂರನೆಯವನಿಗೆ ತಾನೇ ಗೆಲ್ಲಬಹುದೆನಿಸುತ್ತದೆ, ಅವನು ಕಾಲಿನಲ್ಲಿ ಸ್ವಲ್ಪ ಬಲ ಉಳಿಸಿಕೊಂಡುಬಿಡುತ್ತಾನೆ.